ಪ್ರತಿ ದೃಶ್ಯಕ್ಕೂ ಒಂದು ‘ಅಂತೆ’: ‘ರಾಶೋಮನ್’ ಸಿನಿಮಾ ನೋಡುವ ಬಗೆ

ದೊಡ್ಡಮ್ಮನಿಗೆ ಸಬ್‌ಟೈಟಲ್ ಓದುವುದು ಕಷ್ಟ. ಹಾಗಾಗಿ ಜಪಾನಿನ ನಿರ್ದೇಶಕ ಅಕಿರಾ ಕುರೊಸಾವಾ ಅವರ ‘ರಾಶೋಮನ್’ ನೋಡುವಾಗ ನಾನೇ ಪಕ್ಕದಲ್ಲಿ ಕೂತು ಎಲ್ಲವನ್ನೂ ಕನ್ನಡದಲ್ಲಿ ಹೇಳುತ್ತಾ ಹೋದೆ. ‘ಈಗ ಡಕಾಯಿತ ಆ ಸಮುರಾಯ್‌ನನ್ನು ಕೊಂದ’ ಅಂದೆ. ಸ್ವಲ್ಪ ಹೊತ್ತಿಗೆ ‘ಈಗ ಅವನು ತಾನೇ ಇರಿದುಕೊಂಡು ಸತ್ತ’ ಅಂದೆ. ದೊಡ್ಡಮ್ಮ ಅಲ್ಲಿಗೆ ತಡೆದರು. ‘ಸತ್ತನೋ, ಸತ್ತನಂತೆಯೋ? ಸರಿಯಾಗಿ ಹೇಳು.’

ಅಲ್ಲಿಯವರೆಗೆ ಆ ಸಿನಿಮಾವನ್ನು ಎರಡು ಸಲ ನೋಡಿದ್ದೆ. ಆದರೂ ಅದರ ಬೀಗದ ಕೈ ನಮ್ಮ ಮಾತಿನಲ್ಲೇ ಇದೆ ಅಂತ ಹೊಳೆದಿರಲಿಲ್ಲ. ಕಣ್ಣಾರೆ ಕಂಡದ್ದಕ್ಕೆ ನಾವು ‘ಕೊಂದ’ ಅಂತೀವಿ. ಬೇರೆಯವರ ಬಾಯಿಂದ ಕೇಳಿದ್ದಕ್ಕೆ ‘ಕೊಂದನಂತೆ’ ಅಂತೀವಿ. ಕ್ಯಾಮೆರಾಕ್ಕೆ ಈ ‘ಅಂತೆ’ ಗೊತ್ತಿಲ್ಲ. ಸುಳ್ಳನ್ನೂ ನಿಜವನ್ನೂ ಅದು ಒಂದೇ ಬೆಳಕಿನಲ್ಲಿ, ಅದೇ ಮರಗಳ ನಡುವೆ, ಅದೇ ನಟರ ಕೈಲಿ ತೋರಿಸಿಬಿಡುತ್ತದೆ. ‘ಅಂತೆ’ಯನ್ನು ನಾವೇ ಸೇರಿಸಿಕೊಳ್ಳಬೇಕು. ಕಾಲ ಹಿಂದೆ ಮುಂದೆ ಓಡುವ, ಪಾತ್ರಗಳ ಮನಸ್ಸು ಮಸುಕಾಗಿರುವ ಯಾವ ಸಿನಿಮಾಕ್ಕೂ ಈ ದಾರಿ ಕೆಲಸಕ್ಕೆ ಬರುತ್ತದೆ. ಆದರೆ ಕಲಿಯಲು ‘ರಾಶೋಮನ್’ಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಬರೀ 88 ನಿಮಿಷದ ಸಿನಿಮಾ.

ಒಂದು ಮಾತು. ಮುಂದೆ ಕಥೆಯೆಲ್ಲ ಬಿಚ್ಚಿಕೊಳ್ಳುತ್ತದೆ. ಇನ್ನೂ ನೋಡಿಲ್ಲ ಅಂದರೆ ಇಲ್ಲೇ ನಿಲ್ಲಿಸಿ, ನೋಡಿ ಬನ್ನಿ.

ಮೊದಲ ಸಲ ಸುಮ್ನೆ ನೋಡಿ

ನಡುವೆ ಎಲ್ಲೂ ನಿಲ್ಲಿಸಬೇಡಿ. ಮೊಬೈಲ್‌ನಲ್ಲಿ ಅರ್ಥ ಹುಡುಕಬೇಡಿ. ‘ಕ್ಲೈಮ್ಯಾಕ್ಸ್ ವಿವರಣೆ’ ಅನ್ನುವ ವಿಡಿಯೋಗಳನ್ನು ದೂರ ಇಡಿ. ಬೇರೆಯವರ ಉತ್ತರ ಒಮ್ಮೆ ತಲೆಗೆ ಹೊಕ್ಕರೆ ನಿಮ್ಮ ಕಣ್ಣು ಅದನ್ನೇ ಹುಡುಕುತ್ತದೆ.

ಸಿನಿಮಾ ಮುಗಿದ ಕೂಡಲೇ ಒಂದು ಹಾಳೆಯಲ್ಲಿ ಎರಡು ವಿಷಯ ಬರೆಯಿರಿ. ಯಾರನ್ನು ನಂಬಿದಿರಿ? ಯಾವ ದೃಶ್ಯ ಕಿರಿಕಿರಿ ಮಾಡಿತು? ಕಾರಣ ಬೇಡ. ಈ ಹಾಳೆಯನ್ನು ಎಸೆಯಬೇಡಿ, ಕೊನೆಗೆ ಬೇಕಾಗುತ್ತದೆ.

1952ರಲ್ಲಿ ಭಾರತದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಈ ಸಿನಿಮಾ ಬಂದಾಗ ಸತ್ಯಜಿತ್ ರಾಯ್ ಇದನ್ನು ಒಂದರ ಹಿಂದೆ ಒಂದು ದಿನ, ಮೂರು ಸಲ ನೋಡಿದರಂತೆ. ಅಂಥವರೇ ಮೂರು ಸಲ ನೋಡಿದ ಮೇಲೆ ನಮಗೆ ಒಂದೇ ಸಲಕ್ಕೆ ಎಲ್ಲ ತಿಳಿಯಬೇಕು ಅನ್ನುವ ಹಟ ಯಾಕೆ? ನಾನು ಹೇಳುವ ಕೆಲಸಕ್ಕೂ ಮೂರು ನೋಟ ಬೇಕು.

ಮೂರು ಜಾಗ, ಮೂರು ಕಾಲ

ಎರಡನೇ ನೋಟಕ್ಕೆ ನೋಟ್‌ಬುಕ್ ಹಿಡಿದು ಕೂರಿ. ಪುಟವನ್ನು ಮೂರು ಭಾಗ ಮಾಡಿ.

ಮೊದಲ ಭಾಗ, ಮಳೆ ಸುರಿಯುತ್ತಿರುವ ಹೆಬ್ಬಾಗಿಲು. ಹಳೆಯ ಕ್ಯೋಟೋ ನಗರದ ಪಾಳುಬಿದ್ದ ಬಾಗಿಲು ಇದು, ಇದರ ಹೆಸರೇ ರಾಶೋಮನ್. ಇಲ್ಲಿ ಮೂವರು ಕೂತಿದ್ದಾರೆ: ಸೌದೆ ಕಡಿಯುವವನು, ಒಬ್ಬ ಬೌದ್ಧ ಭಿಕ್ಷು, ಮಳೆಗೆ ಓಡಿಬಂದ ಒಬ್ಬ ದಾರಿಹೋಕ. ಇದು ಸಿನಿಮಾದ ‘ಈಗ’. ಎರಡನೇ ಭಾಗ, ವಿಚಾರಣೆ ನಡೆಯುವ ಅಂಗಳ. ಮೂರನೇ ಭಾಗ ಕಾಡು. ಸಮುರಾಯ್ ಯೋಧ, ಅವನ ಹೆಂಡತಿ, ಒಬ್ಬ ಡಕಾಯಿತ, ಈ ಮೂವರ ನಡುವೆ ಎಲ್ಲ ನಡೆದದ್ದು ಅಲ್ಲಿ, ಸಮುರಾಯ್ ಸತ್ತದ್ದೂ ಅಲ್ಲೇ.

ಈಗ ಪ್ರತಿ ದೃಶ್ಯ ಬಂದಾಗಲೂ ಅದು ಯಾವ ಭಾಗದ್ದು, ಯಾರ ಬಾಯಿಂದ ಬಂದದ್ದು ಅಂತ ಬರೆಯಿರಿ. ಬರೆಯುತ್ತಾ ಹೋದ ಹಾಗೆ ಒಂದು ವಿಷಯ ಕಾಣುತ್ತದೆ. ಕಾಡಿನ ದೃಶ್ಯಗಳು ನಮಗೆ ನೇರವಾಗಿ ಬರುವುದೇ ಇಲ್ಲ. ಡಕಾಯಿತ ತಜೋಮಾರು ಅಂಗಳದಲ್ಲಿ ಹೇಳುತ್ತಾನೆ. ಅದನ್ನು ಕೇಳಿದ ಸೌದೆಯವನೂ ಭಿಕ್ಷುವೂ ಹೆಬ್ಬಾಗಿಲಲ್ಲಿ ದಾರಿಹೋಕನಿಗೆ ಹೇಳುತ್ತಾರೆ. ಅಂದರೆ ಇಲ್ಲಿ ಎರಡು ‘ಅಂತೆ’ ಇವೆ: ‘ಕೊಂದೆ ಅಂತ ಹೇಳಿದನಂತೆ.’ ಸತ್ತವನ ಕಥೆಗೆ ಇನ್ನೂ ಒಂದು ‘ಅಂತೆ’ ಜಾಸ್ತಿ. ಅವನು ಮಾತಾಡುವುದು ಮೈಮೇಲೆ ಆತ್ಮ ಬರಿಸಿಕೊಳ್ಳುವ ಒಬ್ಬ ಹೆಂಗಸಿನ ಬಾಯಿಂದ.

ಅಂಗಳದ ದೃಶ್ಯಗಳಲ್ಲಿ ಇನ್ನೊಂದನ್ನು ಗಮನಿಸಿ. ಪ್ರಶ್ನೆ ಕೇಳುವವನು ಒಮ್ಮೆಯೂ ಕಾಣುವುದಿಲ್ಲ, ಅವನ ದನಿಯೂ ಕೇಳುವುದಿಲ್ಲ. ಹೇಳುವವರೆಲ್ಲ ನಮ್ಮ ಕಡೆಗೇ ಮುಖ ಮಾಡಿ ಕೂತಿದ್ದಾರೆ. ತೀರ್ಪು ಕೊಡುವ ಜಾಗದಲ್ಲಿ ಕುರೊಸಾವಾ ನಮ್ಮನ್ನೇ ಕೂರಿಸಿದ್ದಾರೆ. ಹೇಳುವವರ ಬೆನ್ನ ಹಿಂದೆ, ಗೋಡೆಯ ಹತ್ತಿರ, ಸೌದೆಯವನೂ ಭಿಕ್ಷುವೂ ಸುಮ್ಮನೆ ಕೂತಿರುತ್ತಾರೆ. ಈ ಚಿತ್ರ ನೆನಪಿನಲ್ಲಿರಲಿ.

ಎಲ್ಲರೂ ಒಪ್ಪುವುದು ಏನು?

‘ಸತ್ಯ ಅನ್ನುವುದೇ ಇಲ್ಲ, ಎಲ್ಲ ಅವರವರ ದೃಷ್ಟಿ.’ ಈ ಸಿನಿಮಾ ಬಗ್ಗೆ ಜಾಸ್ತಿ ಕೇಳಿಬರುವ ಮಾತು ಇದು. ನಾನು ಇದನ್ನು ಒಪ್ಪುವುದಿಲ್ಲ. ಕಥೆಗಳು ಎಲ್ಲಿ ಬೇರೆಯಾಗುತ್ತವೆ ಅಂತ ಹುಡುಕುವ ಮೊದಲು ಎಲ್ಲಿ ಸೇರುತ್ತವೆ ಅಂತ ಪಟ್ಟಿ ಮಾಡಿ. ಡಕಾಯಿತ ಸುಳ್ಳು ಹೇಳಿ ಗಂಡನನ್ನು ಕಾಡಿನೊಳಗೆ ಕರೆದೊಯ್ದ. ಅವನನ್ನು ಕಟ್ಟಿಹಾಕಿದ. ಹೆಂಡತಿಯ ಮೇಲೆ ಅತ್ಯಾಚಾರ ಮಾಡಿದ. ಗಂಡ ಸತ್ತ. ಇದನ್ನು ಯಾರೂ ಅಲ್ಲಗಳೆಯುವುದಿಲ್ಲ, ಡಕಾಯಿತನೂ ಕೂಡ. ಒಂದು ಹೆಣ್ಣಿಗೆ ಆದ ಅನ್ಯಾಯ ‘ದೃಷ್ಟಿ’ಯ ಮಾತಲ್ಲ. ಈ ನೆಲವನ್ನು ಗಟ್ಟಿ ಮಾಡಿಕೊಂಡೇ ಮುಂದೆ ಹೋಗಿ.

ಸುಳ್ಳಿನಿಂದ ಏನು ಸಿಗುತ್ತದೆ?

ಪಾತ್ರದ ಉದ್ದೇಶ ತಿಳಿಯದಿದ್ದಾಗ ನಾವು ‘ಇವನು ಹೀಗೆ ಯಾಕೆ ಮಾಡಿದ?’ ಅಂತ ಕೇಳುತ್ತೇವೆ. ಇಲ್ಲಿ ಅದರ ಬದಲು ‘ಇವನು ಹೀಗೆ ಯಾಕೆ ಹೇಳುತ್ತಿದ್ದಾನೆ?’ ಅಂತ ಕೇಳಿ.

ಕೊಲೆಯ ವಿಚಾರಣೆಯಲ್ಲಿ ಜನ ಸುಳ್ಳು ಹೇಳುವುದು ತಪ್ಪಿಸಿಕೊಳ್ಳಲು. ಇಲ್ಲಿ ಅದು ತಲೆಕೆಳಗಾಗಿದೆ. ಡಕಾಯಿತ ‘ನಾನೇ ಕೊಂದೆ’ ಅನ್ನುತ್ತಾನೆ. ಹೆಂಡತಿಯ ಕಥೆಯಲ್ಲಿ ಬಾಕು ಅವಳ ಕೈಯಲ್ಲೇ ಇತ್ತು, ಮೂರ್ಛೆಯಿಂದ ಎದ್ದಾಗ ಅದು ಗಂಡನ ಎದೆಯಲ್ಲಿತ್ತು. ಸತ್ತವನು ‘ನನ್ನನ್ನು ನಾನೇ ಕೊಂದುಕೊಂಡೆ’ ಅನ್ನುತ್ತಾನೆ. ಮೂವರೂ ಸಾವನ್ನು ತಮ್ಮ ಕಡೆಗೇ ಎಳೆದುಕೊಳ್ಳುತ್ತಿದ್ದಾರೆ! ಅಂದರೆ ಅವರಿಗೆ ಶಿಕ್ಷೆಯ ಭಯಕ್ಕಿಂತ ದೊಡ್ಡ ಭಯ ಯಾವುದೋ ಇದೆ. ಅದನ್ನು ಹುಡುಕಬೇಕು.

ದೊಡ್ಡ ಸುಳ್ಳನ್ನು ಹಿಡಿಯಲು ಮೊದಲು ಸಣ್ಣ ಸುಳ್ಳನ್ನು ನೋಡಿ. ತಜೋಮಾರುವನ್ನು ಹಿಡಿದವನು ‘ಇವನು ಕುದುರೆಯಿಂದ ಬಿದ್ದಿದ್ದ’ ಅನ್ನುತ್ತಾನೆ. ಅದನ್ನು ಕೇಳಿ ತಜೋಮಾರುಗೆ ಸಿಟ್ಟು ನೆತ್ತಿಗೇರುತ್ತದೆ. ತಾನು ಬೀಳುವವನಲ್ಲ, ದಾರಿಯಲ್ಲಿ ಕುಡಿದ ತೊರೆಯ ನೀರಿನಿಂದ ಹೊಟ್ಟೆ ಕೆಟ್ಟು ಮಲಗಿದ್ದೆ ಅನ್ನುತ್ತಾನೆ. ಹೇಗೂ ತಲೆ ಹೋಗುವುದು ಖಚಿತ ಅಂತ ಅವನಿಗೆ ಗೊತ್ತು. ಆದರೂ ಕುದುರೆಯಿಂದ ಬಿದ್ದ ಅನ್ನುವ ಮಾತನ್ನು ಸಹಿಸಲಾರ. ಕೊಲೆಗಾರ ಅನಿಸಿಕೊಳ್ಳಬಲ್ಲ, ಕೈಲಾಗದವ ಅನಿಸಿಕೊಳ್ಳಲಾರ. ಈಗ ಅವನ ಕತ್ತಿವರಸೆಯ ಕಥೆಯನ್ನು ಮತ್ತೆ ಕೇಳಿ. ಸಮುರಾಯ್ ತನ್ನೊಡನೆ 23 ಸಲ ಕತ್ತಿ ತಾಗಿಸಿದ, ಬೇರೆ ಯಾರೂ 20 ದಾಟಿರಲಿಲ್ಲ ಅಂತ ಹೊಗಳುತ್ತಾನೆ. ಸತ್ತವನನ್ನು ಎತ್ತರಕ್ಕೆ ಏರಿಸಿದಷ್ಟೂ ಕೊಂದವನು ಎತ್ತರವಾಗುತ್ತಾನೆ, ಅಲ್ವಾ?

ಇದೇ ರೀತಿ ಉಳಿದಿಬ್ಬರಿಗೂ ಒಂದೊಂದು ಸಾಲು ಬರೆಯಿರಿ: ‘ಇವರು ಏನು ಬೇಕಾದರೂ ಅನಿಸಿಕೊಳ್ಳುತ್ತಾರೆ, ಆದರೆ ... ಅನಿಸಿಕೊಳ್ಳಲಾರರು.’ ಗಂಡನಿಗೆ ನಾನು ಬರೆದದ್ದು ‘ಹೆಂಡತಿಯನ್ನು ಕಾಪಾಡಲಾಗದೆ ಸೋತು ಸತ್ತವ’. ಅವನ ಕಥೆಯಲ್ಲಿ ಸೋಲು ಇಲ್ಲ, ಮಾನಕ್ಕಾಗಿ ಬಿಟ್ಟ ಪ್ರಾಣ ಇದೆ. ಹೆಂಡತಿಯ ವಿಷಯಕ್ಕೆ ಬಂದಾಗ ನನ್ನ ಪೆನ್ನು ತುಂಬಾ ಹೊತ್ತು ನಿಂತಿತ್ತು. ಅವಳ ಕಥೆಯ ನಡುವೆ ಇರುವುದು ಗಂಡನ ತಣ್ಣನೆಯ ನೋಟ. ಅಲ್ಲಿ ಕೋಪ ಇಲ್ಲ, ದುಃಖ ಇಲ್ಲ, ತಿರಸ್ಕಾರ ಮಾತ್ರ ಇದೆ. ಆ ನೋಟವನ್ನು ಅವಳು ಸೇರಿಸಿಕೊಂಡು ಹೇಳಿದ್ದು ಅಂತ ನನಗೆ ಅನಿಸುವುದೇ ಇಲ್ಲ. ಇದು ನನ್ನ ಒಲವು, ಪುರಾವೆ ಅಲ್ಲ. ಇಂಥ ಒಲವುಗಳನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಬರೆದುಕೊಂಡರೆ ಒಳ್ಳೆಯದು.

ಇನ್ನೊಂದು ಗೆರೆ ಎಳೆಯಿರಿ. ಸಿನಿಮಾದಲ್ಲಿ ಕಾಡಿನ ಕಥೆಯನ್ನು ಪೂರ್ತಿ ಹೇಳುವವರು ನಾಲ್ವರು. ಅವರಲ್ಲಿ ಮೂವರು ಗಂಡಸರು. ಡಕಾಯಿತನ ಕಥೆಯಲ್ಲಿ ‘ನಿಮ್ಮಿಬ್ಬರಲ್ಲಿ ಒಬ್ಬರು ಸಾಯಬೇಕು’ ಅಂದವಳು ಅವಳು. ಗಂಡನ ಕಥೆಯಲ್ಲಿ ‘ಅವನನ್ನು ಕೊಲ್ಲು’ ಅಂದವಳು ಅವಳು. ಸೌದೆಯವನ ಕಥೆಯಲ್ಲಿ ಇಬ್ಬರನ್ನೂ ಹೀಯಾಳಿಸಿ ಕತ್ತಿ ಹಿಡಿಸಿದವಳೂ ಅವಳೇ. ಅವಳ ಕಥೆಯಲ್ಲಿ ಮಾತ್ರ ಅವಳು ಯಾರನ್ನೂ ಕೆರಳಿಸುವುದಿಲ್ಲ. ಮೂವರು ಒಂದೇ ಮಾತು ಹೇಳುತ್ತಾರೆ ಅಂದರೆ ಅದು ನಿಜ ಇರಬಹುದು. ಮೂವರಿಗೂ ಒಂದೇ ಅನುಕೂಲ ಇರಲೂಬಹುದು. ಸಿನಿಮಾ ಇದನ್ನು ಬಿಡಿಸಿ ಹೇಳುವುದಿಲ್ಲ. ಆದರೆ ಸಾಕ್ಷಿಗಳ ತಲೆ ಎಣಿಸಿ ತೀರ್ಪು ಕೊಡುವುದು ಎಷ್ಟು ಅಪಾಯ ಅಂತ ನನಗೆ ಇಲ್ಲಿಯೇ ಅರ್ಥ ಆದದ್ದು.

ಬಾಕುವಿನ ಹಿಂದೆ ಹೋಗಿ

ನನಗೆ ತುಂಬಾ ಇಷ್ಟವಾದ ಹೆಜ್ಜೆ ಇದು. ಜನರ ಮಾತು ಗೋಜಲಾದಾಗ ಒಂದು ವಸ್ತುವನ್ನು ಆರಿಸಿಕೊಂಡು ಅದರ ಜೊತೆ ನಡೆಯಿರಿ. ವಸ್ತುವಿಗೆ ಮಾನ ಮರ್ಯಾದೆ ಇಲ್ಲ, ಅದು ಯಾರನ್ನೂ ಉಳಿಸುವುದಿಲ್ಲ. ಇಲ್ಲಿ ಆ ವಸ್ತು ಹೆಂಡತಿಯ ಬಾಕು. ಹಿಡಿಯಲ್ಲಿ ಮುತ್ತಿನ ಕೆಲಸ ಇರುವ, ಬೆಲೆಬಾಳುವ ಬಾಕು.

ಡಕಾಯಿತನ ಕಥೆಯಲ್ಲಿ ಅವಳು ಅದರಿಂದ ಅವನ ಮೇಲೆ ಎರಗುತ್ತಾಳೆ. ಕೊನೆಗೆ ಅದು ಕೈಜಾರಿ ನೆಲಕ್ಕೆ ಬೀಳುತ್ತದೆ. ಕೊಲೆ ಆಗುವುದು ಕತ್ತಿಯಿಂದ. ಬಾಕು ಏನಾಯಿತು ಅಂತ ಅಂಗಳದಲ್ಲಿ ಕೇಳಿದಾಗ, ಅದನ್ನು ಮರೆತು ಬಂದದ್ದು ದೊಡ್ಡ ತಪ್ಪು ಅಂತ ಪೇಚಾಡುತ್ತಾನೆ. ಹೆಂಡತಿಯ ಕಥೆಯಲ್ಲಿ ಅದು ಗಂಡನ ಎದೆಯಲ್ಲಿದೆ. ಗಂಡನ ಕಥೆಯಲ್ಲೂ ಎದೆಯಲ್ಲೇ ಇದೆ. ಜೊತೆಗೆ ಅವನು ಒಂದು ವಿಚಿತ್ರ ಮಾತು ಸೇರಿಸುತ್ತಾನೆ. ಪ್ರಾಣ ಹೋಗುತ್ತಿರುವಾಗ ಯಾರೋ ಮೆಲ್ಲಗೆ ಹತ್ತಿರ ಬಂದು ಎದೆಯಿಂದ ಬಾಕುವನ್ನು ಎಳೆದುಕೊಂಡರಂತೆ.

ಈಗ ಸೌದೆಯವನ ಮೊದಲ ಸಾಕ್ಷಿಗೆ ಹಿಂದಿರುಗಿ. ಮೂರು ದಿನದ ಹಿಂದೆ ಕಾಡಿಗೆ ಹೋಗಿದ್ದೆ ಅಂತ ಅವನು ಪಟ್ಟಿ ಕೊಡುತ್ತಾನೆ. ಕೊಂಬೆಗೆ ಸಿಕ್ಕಿದ ಪರದೆಯ ಟೋಪಿ, ಗಂಡಸಿನ ಟೋಪಿ, ತುಂಡಾದ ಹಗ್ಗ, ತಾಯಿತದ ಚೀಲ, ಹೆಣ. ಆಯುಧ ಏನಾದರೂ ಕಂಡಿತಾ ಅಂತ ಕೇಳಿದಾಗ ‘ಇಲ್ಲ’ ಅನ್ನುತ್ತಾನೆ. ಹಗ್ಗದ ತುಂಡನ್ನೂ ಬಿಡದೆ ನೋಡಿದವನ ಕಣ್ಣಿಗೆ ಹೊಳೆಯುವ ಬಾಕು ಬೀಳಲಿಲ್ಲವಂತೆ.

ಸತ್ತವನ ಕಥೆ ಮುಗಿದು ನಾವು ಮತ್ತೆ ಮಳೆಯ ಹೆಬ್ಬಾಗಿಲಿಗೆ ಬಂದಾಗ ಇದೇ ಸೌದೆಯವ ಕೂಗುತ್ತಾನೆ. ಅದು ಸುಳ್ಳು, ಅಲ್ಲಿ ಬಾಕುವೇ ಇರಲಿಲ್ಲ, ಅವನನ್ನು ಕೊಂದದ್ದು ಕತ್ತಿ ಅನ್ನುತ್ತಾನೆ. ಹೆಣ ಮಾತ್ರ ನೋಡಿದವನಿಗೆ ಇಷ್ಟು ಗ್ಯಾರಂಟಿ ಎಲ್ಲಿಂದ ಬಂತು? ದಾರಿಹೋಕ ಅವನನ್ನು ಹಿಡಿಯುವುದು ಇಲ್ಲೇ. ಆಮೇಲೆ ಸೌದೆಯವ ಎರಡನೇ ಕಥೆ ಹೇಳುತ್ತಾನೆ. ತಾನು ಎಲ್ಲವನ್ನೂ ಮರೆಯಲ್ಲಿ ನಿಂತು ನೋಡಿದೆ ಅನ್ನುತ್ತಾನೆ.

ಈ ಎರಡನೇ ಕಥೆಯನ್ನು ನೋಡುಗರು ನಂಬಿಬಿಡುತ್ತಾರೆ. ನಾನೂ ಮೊದಲ ಎರಡು ಸಲ ನಂಬಿದ್ದೆ. ಅದು ಕೊನೆಯಲ್ಲಿ ಬರುತ್ತದೆ, ಕೊನೆಗೆ ಬಂದದ್ದನ್ನು ಉತ್ತರ ಅಂದುಕೊಳ್ಳುವುದು ನಮ್ಮ ಅಭ್ಯಾಸ. ಅದರಲ್ಲಿ ಯಾರೂ ಶೂರರಲ್ಲ. ಇಬ್ಬರು ಗಂಡಸರೂ ನಡುಗುತ್ತಾ, ಎಡವುತ್ತಾ, ಏದುಸಿರು ಬಿಡುತ್ತಾ ಹೊಡೆದಾಡುತ್ತಾರೆ. ಸಮುರಾಯ್ ಸಾಯಲು ಮನಸ್ಸಿಲ್ಲ ಅಂತ ಅಂಗಲಾಚುತ್ತಾನೆ. ಅಂದಚಂದ ಇಲ್ಲ ಅಂದಾಗ ನಮಗೆ ಅದು ನಿಜ ಅನಿಸಿಬಿಡುತ್ತದೆ. ಆದರೆ ಹಳೆಯ ಚಿತ್ರ ನೆನಪಿದೆಯಾ? ಅಂಗಳದಲ್ಲಿ ಗೋಡೆಯ ಹತ್ತಿರ ಕೂತಿದ್ದವನು ಇವನೇ. ಮೂವರ ಮಾತನ್ನೂ ಕೇಳಿಸಿಕೊಂಡ ಮೇಲೆ ತನ್ನ ಕಥೆ ಹೇಳುತ್ತಿದ್ದಾನೆ.

ಈಗ ಅವನಿಗೆ ಇದರಿಂದ ಏನು ಸಿಗುತ್ತದೆ ಅಂತ ಕೇಳಿ. ಹೆಂಡತಿ ಅಥವಾ ಗಂಡನ ಮಾತು ನಿಜವಾದರೆ, ಬಾಕು ಕದ್ದವನು ಅದನ್ನು ಒಬ್ಬ ಮನುಷ್ಯನ ಎದೆಯಿಂದ ಕಿತ್ತಿದ್ದಾನೆ. ಗಂಡನ ಮಾತಿನಂತೆ ಆ ಮನುಷ್ಯನಿಗೆ ಆಗ ಇನ್ನೂ ಅರಿವಿತ್ತು. ಕೊಂದದ್ದು ಕತ್ತಿಯಾದರೆ ಬಾಕು ಸುಮ್ಮನೆ ನೆಲದ ಮೇಲೆ ಬಿದ್ದಿತ್ತು, ಬಡವ ಎತ್ತಿಕೊಂಡ, ಅಷ್ಟೇ. ‘ಕತ್ತಿಯಿಂದ ಸತ್ತ’ ಅನ್ನುವ ಕಥೆ ಸೌದೆಯವನಿಗೆ ಎಷ್ಟು ಬೇಕಾಗಿತ್ತು ನೋಡಿ. ಹಾಗಾಗಿ ಅವನ ಕಥೆಗೂ ‘ಅಂತೆ’ ಸೇರಿಸಲೇಬೇಕು. ಅದು ಪೂರ್ತಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದು ತೀರ್ಪು ಅಲ್ಲ, ನಾಲ್ಕನೇ ಸಾಕ್ಷಿ ಅಂತ ಹೇಳುತ್ತಿದ್ದೇನೆ.

ಈ ಸಿನಿಮಾದ ಕಾಡಿನ ಭಾಗ ಬಂದದ್ದು ರ್ಯೂನೊಸುಕೆ ಅಕುತಾಗಾವಾ 1922ರಲ್ಲಿ ಬರೆದ ಸಣ್ಣಕಥೆಯಿಂದ. ಆ ಕಥೆಯಲ್ಲಿ ಸೌದೆಯವನ ಈ ಎರಡನೇ ಹೇಳಿಕೆ ಇಲ್ಲ, ಕಥೆ ಸತ್ತವನ ಮಾತಿಗೇ ಮುಗಿಯುತ್ತದೆ. ನಾಲ್ಕನೇ ಕಥೆಯನ್ನು ಸೇರಿಸಿದ್ದು ಸಿನಿಮಾದವರು. ಸುಮ್ಮನೆ ನೋಡುತ್ತಾ ನಿಂತವನೂ ಶುದ್ಧ ಅಲ್ಲ ಅಂತ ತೋರಿಸಲಿಕ್ಕೇ ಸೇರಿಸಿದ್ದು ಅಂತ ನಾನು ಓದಿಕೊಳ್ಳುತ್ತೇನೆ.

ಕಿವಿಯನ್ನೂ ಬಳಸಿ

ಇದು ಚಿಕ್ಕ ಹೆಜ್ಜೆ. ಡಕಾಯಿತನ ಕಥೆಯ ಹೊಡೆದಾಟವನ್ನೂ ಸೌದೆಯವನ ಕಥೆಯ ಹೊಡೆದಾಟವನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿ, ಒಮ್ಮೆ ಕಣ್ಣು ಮುಚ್ಚಿಯೂ ಕೇಳಿ. ಒಂದರಲ್ಲಿ ಹುಮ್ಮಸ್ಸು, ಇನ್ನೊಂದರಲ್ಲಿ ಉಸಿರು ಮತ್ತು ತರಗೆಲೆಯ ಸದ್ದು. ಹೆಂಡತಿಯ ಕಥೆಗೆ ಫುಮಿಯೊ ಹಯಾಸಾಕಾ ಕೊಟ್ಟ ಸಂಗೀತ ಒಂದೇ ತಾಳದಲ್ಲಿ ಸುತ್ತಿ ಸುತ್ತಿ ಏರುತ್ತದೆ. ಹೇಳುವವರ ಮನಸ್ಸು ಮಾತಿಗಿಂತ ಮೊದಲು ಸದ್ದಿನಲ್ಲಿ ಸಿಗುತ್ತದೆ.

ಮಗುವಿನ ದೃಶ್ಯ

ಕೊನೆಯಲ್ಲಿ ಹೆಬ್ಬಾಗಿಲಲ್ಲಿ ಯಾರೋ ಬಿಟ್ಟುಹೋದ ಹಸುಗೂಸು ಅಳುತ್ತದೆ. ದಾರಿಹೋಕ ಅದರ ಬಟ್ಟೆಯನ್ನು ಕಿತ್ತುಕೊಳ್ಳುತ್ತಾನೆ. ಸೌದೆಯವ ಬೈದಾಗ, ಆ ಮುತ್ತಿನ ಬಾಕು ಏನಾಯಿತು ಅಂತ ತಿರುಗಿ ಕೇಳುತ್ತಾನೆ. ಸೌದೆಯವ ಉತ್ತರ ಕೊಡುವುದಿಲ್ಲ. ಆಮೇಲೆ ಮಗುವಿಗೆ ಕೈಚಾಚುತ್ತಾನೆ. ಭಿಕ್ಷು ಅನುಮಾನದಿಂದ ಹಿಂದೆ ಸರಿಯುತ್ತಾನೆ. ತನಗೆ ಆರು ಮಕ್ಕಳಿದ್ದಾರೆ, ಏಳನೆಯದು ಹೊರೆಯಲ್ಲ ಅಂತ ಸೌದೆಯವ ಹೇಳುತ್ತಾನೆ.

ಇದು ಬೇಕೆಂದೇ ಅಂಟಿಸಿದ ಆಶಾವಾದ ಅನ್ನುವವರಿದ್ದಾರೆ. ನೀವು ಒಂದು ಕೆಲಸ ಮಾಡಿ. ಅವನು ಮಗುವನ್ನು ಯಾಕೆ ಎತ್ತಿಕೊಂಡ ಅನ್ನುವುದಕ್ಕೆ ಮೂರು ಕಾರಣ ಬರೆಯಿರಿ. ಕರುಣೆ ಇರಬಹುದು. ಕದ್ದದ್ದಕ್ಕೆ ಪ್ರಾಯಶ್ಚಿತ್ತ ಇರಬಹುದು. ಭಿಕ್ಷುವಿನ ಕಣ್ಣಲ್ಲಿ ಮತ್ತೆ ಮನುಷ್ಯನಾಗಬೇಕು ಅನ್ನುವ ಆಸೆ ಇರಬಹುದು. ಆಮೇಲೆ ಪ್ರತಿ ಕಾರಣಕ್ಕೂ ಒಂದು ಪರೀಕ್ಷೆ ಇಡಿ: ಇದನ್ನು ಒಪ್ಪಿದರೆ ಸಿನಿಮಾದ ಯಾವ ದೃಶ್ಯವನ್ನು ನಾನು ಬಿಟ್ಟುಬಿಡಬೇಕಾಗುತ್ತದೆ? ಜಾಸ್ತಿ ದೃಶ್ಯ ಬಿಡಬೇಕಾದ ಕಾರಣವನ್ನು ಹೊಡೆದುಹಾಕಿ. ಒಂದಕ್ಕಿಂತ ಹೆಚ್ಚು ಕಾರಣ ಉಳಿದರೆ ಉಳಿಯಲಿ, ಒತ್ತಾಯದಿಂದ ಒಂದಕ್ಕೆ ಇಳಿಸಬೇಡಿ. ನನ್ನ ಹಾಳೆಯಲ್ಲಿ ಮೂರೂ ಉಳಿದವು. ಮಗುವಿನ ದೃಶ್ಯಕ್ಕೆ ಮಾತ್ರ ‘ಅಂತೆ’ ಬೇಕಿಲ್ಲ ಅನ್ನುವುದನ್ನೂ ನೋಡಿ. ಅದನ್ನು ಯಾರೂ ನಮಗೆ ಹೇಳುತ್ತಿಲ್ಲ. ಅದು ‘ಈಗ’ ನಡೆಯುತ್ತಿದೆ, ನಾವೇ ಕಾಣುತ್ತಿದ್ದೇವೆ. ಅವನು ಎತ್ತಿಕೊಂಡನಂತೆ ಅಲ್ಲ, ಎತ್ತಿಕೊಂಡ.

ಅರ್ಥ ಆಗಲಿಲ್ಲ ಅಂತ ಬೇಜಾರಾದರೆ ಒಂದು ವಿಷಯ ಹೇಳುತ್ತೇನೆ. ಶೂಟಿಂಗ್‌ಗೆ ಮುಂಚೆ ಮೂವರು ಸಹಾಯಕ ನಿರ್ದೇಶಕರು ಸ್ಕ್ರಿಪ್ಟ್ ಅರ್ಥವಾಗುತ್ತಿಲ್ಲ ಅಂತ ಕುರೊಸಾವಾ ಹತ್ತಿರ ಬಂದಿದ್ದರು. ಮನುಷ್ಯರಿಗೆ ತಮ್ಮ ಬಗ್ಗೆ ತಮ್ಮೊಡನೆಯೇ ಪ್ರಾಮಾಣಿಕವಾಗಿರಲು ಆಗುವುದಿಲ್ಲ, ಬಣ್ಣ ಹಚ್ಚದೆ ಮಾತಾಡಲು ಬರುವುದಿಲ್ಲ ಅಂತ ಅವರು ವಿವರಿಸಿದರು. ಇಬ್ಬರು ಒಪ್ಪಿಕೊಂಡು ಹೋದರು, ಮೂರನೆಯವರು ಒಪ್ಪಲಿಲ್ಲ. ಕುರೊಸಾವಾ ತಮ್ಮ ಆತ್ಮಕಥೆಯಲ್ಲೇ ಇದನ್ನು ಬರೆದಿದ್ದಾರೆ.

ಮೂರನೇ ನೋಟ

ಮೂರನೇ ಸಲ ಯಾರನ್ನಾದರೂ ಜೊತೆಗೆ ಕೂರಿಸಿಕೊಳ್ಳಿ. ಸಬ್‌ಟೈಟಲ್ ಓದದವರು ಸಿಕ್ಕರೆ ಇನ್ನೂ ಒಳ್ಳೆಯದು. ನೀವು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಪ್ರತಿ ವಾಕ್ಯದ ಕೊನೆಯಲ್ಲಿ ‘ಅಂತೆ’ ಬೇಕೋ ಬೇಡವೋ ಅಂತ ನಾಲಿಗೆಯೇ ತೀರ್ಮಾನ ಮಾಡುತ್ತದೆ. ಆಮೇಲೆ ಮೊದಲ ದಿನದ ಹಾಳೆ ತೆಗೆದು ನೋಡಿ. ಯಾರನ್ನು ನಂಬಿದ್ದಿರಿ? ಯಾಕೆ ನಂಬಿದ್ದಿರಿ ಅಂತ ಈಗ ಬರೆಯಬಲ್ಲಿರಿ.

ಇದೇ ಅಭ್ಯಾಸವನ್ನು ಕನ್ನಡದಲ್ಲಿ ಮುಂದುವರಿಸಬೇಕಾದರೆ ರಕ್ಷಿತ್ ಶೆಟ್ಟಿ ಅವರ 2014ರ ‘ಉಳಿದವರು ಕಂಡಂತೆ’ ಇದೆ. ಮಲ್ಪೆಯ ಕಡಲ ಬದಿಯ ಕಥೆ, ಬೇರೆ ಬೇರೆಯವರ ಕಣ್ಣಿಂದ ಬರುತ್ತದೆ. ಅಲ್ಲೂ ಯಾರು ಹೇಳುತ್ತಿದ್ದಾರೆ, ಯಾರಿಗೆ ಹೇಳುತ್ತಿದ್ದಾರೆ ಅಂತ ಅಂಚಿನಲ್ಲಿ ಬರೆಯುತ್ತಾ ಹೋಗಿ.

ದೊಡ್ಡಮ್ಮನ ಜೊತೆ ನೋಡಿದ ದಿನ ಸತ್ತವನ ಕಥೆ ಮುಗಿಯುವಾಗ ಅವರು ಸಮುರಾಯ್ ಬಗ್ಗೆ ಏನೂ ಕೇಳಲಿಲ್ಲ. ಮತ್ತೆ ಹೆಬ್ಬಾಗಿಲು ಬಂದಾಗ ಅತ್ತಿಂದಿತ್ತ ಓಡಾಡುತ್ತಿದ್ದ ಸೌದೆಯವನನ್ನೇ ತೋರಿಸಿ, ‘ಇವನಿಗೇನಾಯ್ತು, ಕೂತಲ್ಲಿ ಕೂರ್ತಾ ಇಲ್ಲ?’ ಅಂದರು. ಬಾಕುವಿನ ವಿಷಯ ನಾನಿನ್ನೂ ಅವರಿಗೆ ಹೇಳಿರಲಿಲ್ಲ.